ಸಭೆಗೆ ತಂದ ಸೊಸೆ

ಬೈಲಹೊಂಗಲದ ದಾನಿಯೇಲಪ್ಪ ಮಾಸ್ತರರ ಮನೆಯಲ್ಲಿ ಶನಿವಾರ ಸಂಜೆಯೆಂದರೆ ಇಪ್ಪತ್ತು ಕಪ್ಪು ಚಹಾ. ಮೂವತ್ತೆಂಟು ವರ್ಷದಿಂದ ಅದು ತಪ್ಪಿದ್ದಿಲ್ಲ. ಐದೂವರೆಯಾಗುತ್ತಲೇ ಚರ್ಚಿನ ಹಾಡುವ ತಂಡವಾದ ಕ್ವಾಯರಿನವರು ಒಬ್ಬೊಬ್ಬರಾಗಿ ಬಂದು ಪಡಸಾಲೆಯ ಜಮಖಾನದ ಮೇಲೆ ಕೂರುತ್ತಿದ್ದರು. ಮಾಸ್ತರರು ಹಾರ್ಮೋನಿಯಮ್ಮಿನ ಮುಂದೆ ಕೂತು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಒಳಗೆ ಅವರ ಹೆಂಡತಿ ಎಸ್ತೇರವ್ವ ದೊಡ್ಡ ಪಾತೇಲಿ ಒಲೆಗೇರಿಸಿ ಶುಂಠಿ ಜಜ್ಜುತ್ತಿದ್ದಳು. ಹೊರಗಿನ ಹಾಡು ಎರಡನೆಯ ನುಡಿಗೆ ಬಂತೆಂದರೆ ಸಕ್ಕರೆ ಹಾಕುವ ಹೊತ್ತಾಯಿತೆಂದು ಅವಳಿಗೆ ಗೊತ್ತಾಗುತ್ತಿತ್ತು. ಗಡಿಯಾರ ನೋಡುವ ಕೆಲಸವೇ ಇರಲಿಲ್ಲ.

ಮಾಸ್ತರರು ಯರಗಟ್ಟಿಯ ಕಡೆ ಪ್ರಾಥಮಿಕ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರು. ಕಲಿಸುವುದರ ಜೊತೆಗೆ ಅವರು ಮಾಡಿದ್ದು ಒಂದೇ ಕೆಲಸ, ಕನ್ನಡದಲ್ಲಿ ಯೇಸುವಿನ ಮೇಲೆ ಹಾಡು ಬರೆದು ರಾಗ ಹಾಕುವುದು. ಬಸ್ಸಿನಲ್ಲಿ ಬರೆದರು, ಪರೀಕ್ಷೆಯ ಹಾಲಿನಲ್ಲಿ ಕಾವಲು ಕೂತು ಬರೆದರು. ಅರವತ್ತಕ್ಕೂ ಹೆಚ್ಚು ಹಾಡುಗಳಾದವು. ಸವದತ್ತಿಯಿಂದ ರಾಮದುರ್ಗದವರೆಗಿನ ಚರ್ಚುಗಳಲ್ಲಿ ಅವನ್ನು ಹಾಡುತ್ತಿದ್ದರು. ಆದರೆ ಮಾಸ್ತರರಿಗೆ ಸಮಾಧಾನವಿರಲಿಲ್ಲ. ತಮ್ಮ ಕಿವಿಯಲ್ಲಿ ಕೇಳಿಸಿದ್ದು ಯಾರ ಬಾಯಲ್ಲೂ ಬರಲಿಲ್ಲ ಎಂದು ಕೊರಗುತ್ತಿದ್ದರು.

ಆರು ವರ್ಷದ ಹಿಂದೆ ಸವದತ್ತಿಯ ಒಂದು ಪ್ರಾರ್ಥನಾ ಕೂಟದಲ್ಲಿ ರಾಮದುರ್ಗದ ಹುಡುಗಿಯೊಬ್ಬಳು ಎದ್ದು ನಿಂತು ಅವರ ಹಾಡನ್ನೇ ಹಾಡಿದಳು. ಮಧ್ಯಾಹ್ನದ ಊಟದ ಪಂಕ್ತಿಯಲ್ಲಿ ಮಾಸ್ತರರು ಅನ್ನ ಮುಟ್ಟದೆ ಆ ಹುಡುಗಿಯ ತಂದೆಯನ್ನು ಹುಡುಕುತ್ತ ಓಡಾಡಿದ್ದು ಎಸ್ತೇರವ್ವನಿಗೆ ಇನ್ನೂ ನೆನಪಿದೆ. ಹದಿನೈದು ದಿನದೊಳಗೆ ಮಗ ಸಾಗರನಿಗೆ ಹೊಸ ಅಂಗಿ ಹಾಕಿಸಿ ರಾಮದುರ್ಗಕ್ಕೆ ಕರೆದುಕೊಂಡು ಹೋದರು. ಸಾಗರ ಪೇಟೆಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದ. ರೈತರ ಸುಟ್ಟ ಪಂಪುಗಳಿಗೆ ಹೊಸ ತಂತಿ ಸುತ್ತಿ ಕೊಡುವ ಕೆಲಸ. ಮಾತು ಕಡಿಮೆ. ಹುಡುಗಿ ರಂಜನಾ ಅವನನ್ನು ನೋಡಿ ಒಪ್ಪಿದಳು, ಅವನೂ ಒಪ್ಪಿದ. ಮದುವೆಯಾಯಿತು, ಮಗಳು ಅನು ಹುಟ್ಟಿ ಈಗ ನಾಲ್ಕು ವರ್ಷ. ಈ ಅವಧಿಯಲ್ಲಿ ರಂಜನಾ ಹಾಡಿದ ಮಾಸ್ತರರ ಹಾಡುಗಳು ಮೊಬೈಲಿನಿಂದ ಮೊಬೈಲಿಗೆ ಹೋಗಿ, ಕಂಡರಿಯದ ಊರಿನವರೂ ಫೋನು ಮಾಡತೊಡಗಿದರು.

ಎಲ್ಲ ಚೆನ್ನಾಗಿಯೇ ಇತ್ತು, ಈ ಸಲ ಅಕ್ಟೋಬರಿನಲ್ಲಿ ಬಂದ ಚರ್ಚಿನ ಸುಗ್ಗಿ ಹಬ್ಬದವರೆಗೆ.

ಸುಗ್ಗಿ ಹಬ್ಬದ ದಿನ ಸಭೆಯವರು, ಅಂದರೆ ಚರ್ಚಿಗೆ ಸೇರಿದ ಮನೆಗಳವರು, ಬೆಳೆದದ್ದರಲ್ಲಿ ಮೊದಲ ಪಾಲು ತಂದು ಚರ್ಚಿನಲ್ಲಿ ಇಡುತ್ತಾರೆ. ಗೋವಿನಜೋಳದ ತೆನೆ, ಕುಂಬಳಕಾಯಿ, ಕಾಲು ಕಟ್ಟಿದ ಕೋಳಿ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಸವಾಲು ಕೂಗಿ ಅವನ್ನು ಹರಾಜು ಹಾಕುತ್ತಾರೆ. ಆ ಸಲ ಸವಾಲಿಗೆ ಮೊದಲು ರಂಜನಾಳ ಹಾಡು ಇತ್ತು. ಬೇರೆ ಊರಿನಿಂದ ಬಂದ ಅತಿಥಿಗಳಿಗೆ ಅವಳ ಪರಿಚಯ ಮಾಡಿಕೊಡಲು ಮಾಸ್ತರರು ಮೈಕು ಹಿಡಿದರು.

"ನಾ ಮಗನ ಸಲುವಾಗಿ ಸೊಸಿ ತರ್ಲಿಲ್ರಿ," ಎಂದರು. "ನಮ್ಮ ಸಭಾಕ್ಕ ಒಂದ ಕಂಠ ಬೇಕಾಗಿತ್ತು, ತಂದೆ. ಮಗಾ ಒಂದ ನೆವಾ, ಅಷ್ಟ!"

ಅಂಗಳವೆಲ್ಲ ಘೊಳ್ಳೆಂದು ನಕ್ಕಿತು. ಪಾಸ್ಟರರು ನಕ್ಕರು. ಎಸ್ತೇರವ್ವನೂ ಸೆರಗು ಬಾಯಿಗೆ ಹಿಡಿದು ನಕ್ಕಳು. ಮೈಕಿನ ವಾಯರು ಸರಿ ಮಾಡುತ್ತ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಸಾಗರ ಕೂಡ ತಲೆ ತಗ್ಗಿಸಿ ನಕ್ಕ. ರಂಜನಾ ನಗಲಿಲ್ಲ. ಮುಂದೆ ಬಂದು ಹಾಡು ಹೇಳಿದಳು. ಎಂದಿನಂತೆ ಚೆನ್ನಾಗಿಯೇ ಹೇಳಿದಳು.

ಮುಂದಿನ ಶನಿವಾರ ಕ್ವಾಯರಿನವರೆಲ್ಲ ಬಂದು ಕೂತರು. ರಂಜನಾ ಅಡಿಗೆಮನೆಯಲ್ಲಿ ಬದನೆಕಾಯಿ ಹೆಚ್ಚುತ್ತಿದ್ದಳು. ಮಾಸ್ತರರು ಎರಡು ಸಲ ಕರೆದರು.

"ಹೋಗವ್ವ, ಅವರು ಕರ್ಯಾಕತ್ತಾರು. ಬದನಿಕಾಯಿ ನಾ ಹೆಚ್ಚತೇನಿ," ಎಂದಳು ಎಸ್ತೇರವ್ವ.

"ನಾ ಹಾಡಂಗಿಲ್ರಿ ಅತ್ತಿ."

"ಯಾಕ, ಗಂಟ್ಲ ಕಟ್ಟೇತೇನು? ಬಿಸಿನೀರ ಕೊಡ್ಲಿ?"

"ಗಂಟ್ಲ ಬರೋಬ್ಬರಿ ಐತ್ರಿ. ನಾ ಹಾಡಂಗಿಲ್ಲ, ಅಷ್ಟರಿ. ನೀವು ಕುಂದರ್ರಿ, ಇವತ್ತ ಚಹಾನೂ ನಾನ ಮಾಡ್ತೇನಿ."

ಎಸ್ತೇರವ್ವ ಹೊರಗೆ ಹೋಗಿ ತಲೆನೋವೆಂದು ಹೇಳಿ ಬಂದಳು. ಅದರ ಮುಂದಿನ ಶನಿವಾರವೂ ತಲೆನೋವಾಯಿತು. ಮೂರನೆಯ ಶನಿವಾರ ರಂಜನಾ ತಾನೇ ಪಡಸಾಲೆಗೆ ಬಂದು, ಚಹಾದ ತಾಟು ಇಳಿಸಿ, ಎಲ್ಲರ ಮುಂದೆ ಮೆಲ್ಲಗೆ, "ಮಾವಾರ, ನನ್ನ ಸಲುವಾಗಿ ಕಾಯಬ್ಯಾಡ್ರಿ. ಈ ವರ್ಷ ನಾ ಕ್ವಾಯರಿನ್ಯಾಗಿಲ್ಲ," ಎಂದು ಹೇಳಿ ಒಳಗೆ ಹೋದಳು.

ಮಾಸ್ತರರ ಬೆರಳು ಹಾರ್ಮೋನಿಯಮ್ಮಿನ ಮೇಲೆ ಹಾಗೇ ನಿಂತಿತು. ಹುಬ್ಬಳ್ಳಿ ಕಡೆ ನರ್ಸಿಂಗ್ ಕಲಿತು ಬಂದು ಊರ ದವಾಖಾನೆಯಲ್ಲಿದ್ದ ಅನ್ನಪೂರ್ಣಾ, ಕ್ವಾಯರಿನಲ್ಲಿ ಎಲ್ಲರಿಗಿಂತ ಬಾಯಿಬಡಕಿ, "ಹಂಗಾರ ಕ್ರಿಸ್‌ಮಸ್ ಹಾಡು ಯಾರು ಹೇಳೋರ್ರಿ?" ಎಂದು ಕೇಳಿಯೇಬಿಟ್ಟಳು. ಕ್ರಿಸ್‌ಮಸ್ಸಿಗೆಂದು ಮಾಸ್ತರರು ಎರಡು ತಿಂಗಳಿಂದ ಬರೆದಿದ್ದ ಹೊಸ ಹಾಡು ರಂಜನಾಳ ಕಂಠಕ್ಕೆ ಅಳತೆ ತೆಗೆದು ಹೊಲಿದ ಕುಬಸದ ಹಾಗಿತ್ತು. ಬೇರೆ ಯಾರಿಗೂ ಆ ಎತ್ತರ ಎಟಕುತ್ತಿರಲಿಲ್ಲ.

ಆ ವಾರದಿಂದ ಮಾಸ್ತರರು ಸೊಸೆಯ ಜೊತೆ ಮಾತು ಬಿಟ್ಟರು. ಸಿಟ್ಟಿನ ಮನುಷ್ಯರಲ್ಲ ಅವರು. ಬೇಕಾದ್ದನ್ನು ಮೊಮ್ಮಗಳ ಕೈಲಿ ಹೇಳಿಸುತ್ತಿದ್ದರು. "ಅನು, ನಿಮ್ಮವ್ವಗ ಹೇಳು, ಅಜ್ಜಗ ಇನ್ನರ್ಧ ರೊಟ್ಟಿ ಬೇಕಂತ." ಅನು ಹೇಳುತ್ತಿದ್ದಳು. ರಂಜನಾ ಅರ್ಧದ ಬದಲು ಒಂದು ರೊಟ್ಟಿ, ಜೊತೆಗೆ ಒಂದು ಸವಟು ಪುಂಡಿಪಲ್ಲೆ ಬಡಿಸಿ ಹೋಗುತ್ತಿದ್ದಳು. ಮಾಸ್ತರರು ಪೂರ್ತಿ ತಿನ್ನುತ್ತಿದ್ದರು. ಎಸ್ತೇರವ್ವನಿಗೆ ನಗುವೂ ಬರುತ್ತಿತ್ತು, ಬೇಸರವೂ ಆಗುತ್ತಿತ್ತು.

ನವೆಂಬರಿನ ಒಂದು ಮಧ್ಯಾಹ್ನ ಅತ್ತೆ ಸೊಸೆ ಹಿತ್ತಲಲ್ಲಿ ಕೂತು ಮೆಂತ್ಯಪಲ್ಲೆ ಬಿಡಿಸುತ್ತಿದ್ದರು. ರಂಜನಾಳ ಬೆರಳ ತುದಿಗಳಲ್ಲಿ ಕಂದು ಬಣ್ಣದ ಕಲೆ ಕಂಡಿತು.

"ಇದೇನ ಕೈಗೆ?"

"ವಾರ್ನಿಷ್ ರಿ, ಸುತ್ತಿದ ತಂತಿಗೆ ಹಚ್ಚೂದು. ಅಂಗಡ್ಯಾಗ ಹತ್ತೇತಿ."

"ನೀ ಅಂಗಡ್ಯಾಗ ಏನ ಮಾಡ್ತಿ?"

ರಂಜನಾ ಕಟ್ಟು ಬಿಚ್ಚುತ್ತ ಹೇಳಿದಳು. ಸಾಗರನ ಕೈಕೆಳಗಿದ್ದವನು ದೀಪಾವಳಿಯ ಮುಂಚೆ ಬೆಳಗಾವಿಗೆ ಹೋಗಿಬಿಟ್ಟಿದ್ದಾನೆ. ಅಂಗಡಿಯಲ್ಲಿ ಹನ್ನೆರಡು ಮೋಟರು ಬಿದ್ದಿವೆ. ಹಿಂಗಾರಿ ಪೈರಿಗೆ ನೀರು ಬೇಕಾದ ರೈತರು ದಿನಾ ಬಂದು ಬೈಯುತ್ತಾರೆ. ಬುತ್ತಿ ಕೊಡಲು ಹೋದವಳು ಒಂದು ದಿನ ಕೂತು ತಂತಿ ಸುತ್ತುವುದನ್ನು ನೋಡಿದ್ದಾಳೆ, ಮರುದಿನ ತಾನೇ ಸುತ್ತಿದ್ದಾಳೆ. ಮೊದಲು ಎರಡು ತಪ್ಪಿದವು. ಈಗ ತಪ್ಪುವುದಿಲ್ಲ.

"ಅತ್ತಿ, ನಾ ದಿನಾ ಅಂಗಡಿಗೆ ಹೋಗ್ಲೇನ್ರಿ? ಮುಂಜಾನಿ ರೊಟ್ಟಿ ಬಡದ, ಬಾಂಡಿ ತಿಕ್ಕಿ ಹೋಗ್ತೇನಿ. ಅನು ಸಾಲಿಯಿಂದ ಬಂದ ಮ್ಯಾಲ ಜರಾ ನೀವು ನೋಡ್ಕೊಂಡ್ರ ಸಾಕರಿ."

"ಅದಕ್ಕ ಹಾಡು ಬಿಟ್ಟಿಯೇನು?"

ರಂಜನಾ ಬಿಡಿಸಿದ ಎಲೆಗಳನ್ನು ಬುಟ್ಟಿಗೆ ಹಾಕಿದಳು.

"ಸುಗ್ಗಿ ಹಬ್ಬದಾಗ ಮಾವಾರು ಅಂದದ್ದಕ್ಕ ಎಲ್ಲಾರೂ ನಕ್ರಿ. ನೀವೂ ನಕ್ರಿ."

"ಚ್ಯಾಷ್ಟಿ ಮಾಡಿದ್ರವ್ವ ಅವರು."

"ಗೊತ್ತೈತ್ರಿ. ಇವರೂ ನಕ್ರು. ಮನಿಗೆ ಬಂದ ಮ್ಯಾಲ ಉಣ್ಣಲಿಲ್ಲ. ಯಾಕ ಅಂದ್ರ ಹಸಿವಿಲ್ಲ ಅಂದ್ರು. ಮರುದಿನಾನೂ ಹಸಿವಿಲ್ಲ ಅಂದ್ರು." ರಂಜನಾ ಒಂದು ಎಲೆಯನ್ನು ಬೆರಳಲ್ಲಿ ಹೊಸಕಿದಳು. "ಐದ ವರ್ಷಾತ್ರಿ, ನಾ ಹಾಡಾಕ ನಿಂತಾಗೊಮ್ಮೆ ಇವರು ಹಿಂದಿನ ಬೆಂಚಿಗೆ ಹೋಗಿ ಕುಂದರ್ತಾರು. ನನ್ನ ಹಾಡು ದೊಡ್ಡದಾದಂಗ ಇವರು ಸಣ್ಣಾಗಾಕತ್ತಾರ್ರಿ. ನಾ ರಾಮದುರ್ಗದಿಂದ ಇವರ ಹೇಣ್ತಿ ಆಗಿ ಬಂದೇನಿ. ಕಂಠ ಆಗಿ ಬಂದಿಲ್ಲ."

ಎಸ್ತೇರವ್ವನಿಗೆ ತಾನು ಸೆರಗು ಬಾಯಿಗೆ ಹಿಡಿದು ನಕ್ಕಿದ್ದು ಕಣ್ಣ ಮುಂದೆ ಬಂತು. ಹೆತ್ತ ಮಗ ಎರಡು ದಿನ ಉಣ್ಣದೆ ಇದ್ದದ್ದು ತನಗೆ ಗೊತ್ತಾಗಲಿಲ್ಲವಲ್ಲ ಎಂದುಕೊಂಡಳು. ಮೆಂತ್ಯದ ಕಡ್ಡಿಗಳನ್ನು ಒಟ್ಟುಗೂಡಿಸಿ ಪಕ್ಕದ ಮನೆಯ ಎಮ್ಮೆಗೆಂದು ಗೋಡೆಯ ಮೇಲಿಟ್ಟಳು.

"ನಾಳಿಂದ ಹೋಗು," ಎಂದಳು. "ಬಾಂಡಿ ತಿಕ್ಕಬ್ಯಾಡ. ಅವನ್ನ ನಾ ನೋಡ್ಕೋತೇನಿ."

ಹೇಳಿದಷ್ಟು ಸುಲಭವಾಗಿರಲಿಲ್ಲ. ಎಸ್ತೇರವ್ವನ ಮೊಣಕಾಲು ಮೊದಲೇ ಮಾತು ಕೇಳುತ್ತಿರಲಿಲ್ಲ. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ಎರಡನೆಯ ವಾರಕ್ಕೆ ಪಾತ್ರೆ ತಿಕ್ಕಲು ಕೂತವಳು ಏಳಲಾರದೆ ಗಂಡನನ್ನು ಕೂಗಿ ಕರೆದಳು. ಮಾಸ್ತರರು ಬಂದು ಕೈಹಿಡಿದು ಎಬ್ಬಿಸಿದರು.

"ಸೊಸಿ ಎಲ್ಲಿ?"

"ಅಂಗಡ್ಯಾಗ."

"ದಿನಾ ಅಲ್ಲೇನ ಕೆಲಸಾ?"

"ದಿನಾ ಕೆಲಸನ ಐತಿ. ನೀವು ಇದೊಂದ ಕೊಡಾ ತುಂಬಿಸಿ ಒಳಗ ಇಡ್ರಿ."

ಮಾಸ್ತರರು ಕೊಡ ತುಂಬಿಸಿ ಇಟ್ಟರು. ಆದರೆ ಅವರ ಮುಖ ನೋಡಿ ಇದು ಇಲ್ಲಿಗೇ ಮುಗಿಯುವ ಮಾತಲ್ಲವೆಂದು ಎಸ್ತೇರವ್ವನಿಗೆ ತಿಳಿಯಿತು.

ಡಿಸೆಂಬರಿನ ಮೊದಲ ಶನಿವಾರ ಅಭ್ಯಾಸ ಕೆಟ್ಟಿತು. ಹೊಸ ಹಾಡಿನ ಎತ್ತರದ ಸಾಲನ್ನು ಅನ್ನಪೂರ್ಣಾ ಮೂರು ಸಲ ಹತ್ತಲು ನೋಡಿ ಮೂರು ಸಲವೂ ಜಾರಿದಳು. ನಾಲ್ಕನೆಯ ಸಲ ಅವಳ ದನಿ ಕೋಳಿಯಂತೆ ಕೂಗಿಕೊಂಡಿತು. ಎಲ್ಲರೂ ನಕ್ಕರು, ಅವಳೂ ನಕ್ಕಳು. ಮಾಸ್ತರರು ಮಾತ್ರ ಹಾರ್ಮೋನಿಯಂ ಮುಚ್ಚಿ, "ಇವತ್ತಿಗೆ ಸಾಕ್ರಿ," ಎಂದರು. ಆ ದಿನ ಆರು ಕಪ್ಪು ಚಹಾ ಹಾಗೇ ಉಳಿಯಿತು.

ಎಂಟು ಗಂಟೆಗೆ ಎಲ್ಲರೂ ಊಟಕ್ಕೆ ಕೂತರು. ಬಿಸಿ ರೊಟ್ಟಿ, ಝುಣಕ, ಮೊಸರು. ಸಾಗರ ರಂಜನಾ ಇಬ್ಬರೂ ಆಗಷ್ಟೇ ಅಂಗಡಿಯಿಂದ ಬಂದು ಕೈಕಾಲು ತೊಳೆದಿದ್ದರು. ಆದರೂ ವಾರ್ನಿಷಿನ ವಾಸನೆ ತಾಟಿನವರೆಗೂ ಬಂತು. ಮಾಸ್ತರರು ತುತ್ತು ಮುರಿದವರು ಕೆಳಗಿಟ್ಟರು.

"ಸಾಗರಾ, ಆಕಿನ್ನ ಅಂಗಡಿಗೆ ಕರಕೊಂಡ ಹೋಗೂದ ಬಿಡು."

"ನಾ ಕರಕೊಂಡ ಹೋಗಂಗಿಲ್ಲಪ್ಪಾ. ಆಕೀನ ಬರತಾಳು."

"ಹಂಗಾರ ಬರಬ್ಯಾಡ ಅನ್ನು. ಆ ವಾರ್ನಿಷ್ ಹೊಗಿ ಕುಡದ್ರ ಗಂಟ್ಲ ಏನ ಆಗತೈತಿ ಗೊತ್ತೈತೇನ ನಿನಗ? ದೇವರ ಕೊಟ್ಟ ಗಂಟ್ಲ ಅದು. ಸುಟ್ಟ ಹೋಗತೈತಿ."

ಸಾಗರ ತಾಟಿನಿಂದ ತಲೆ ಎತ್ತಿದ. ಅವನು ಅಪ್ಪನ ಎದುರು ದನಿ ಎತ್ತಿದ್ದು ಎಸ್ತೇರವ್ವ ಎಂದೂ ಕೇಳಿರಲಿಲ್ಲ. ಆಗಲೂ ಎತ್ತಲಿಲ್ಲ.

"ಹನ್ನೊಂದ ವರ್ಷಾತು ನಾ ಆ ಹೊಗ್ಯಾಗ ಕುಂತ," ಎಂದ. "ನನ್ನ ಗಂಟ್ಲ ಹ್ಯಾಂಗೈತಿ ಅಂತ ಒಂದ ದಿನಾ ಕೇಳಿದೇನ ಅಪ್ಪಾ?"

ಮಾಸ್ತರರು ಮಗನ ಕಡೆ ತಿರುಗಿದರು.

"ನಾ ಹಂಗ ಅಂದಿಲ್ಲೋ..."

"ಗೊತ್ತೈತಿ. ನಾ ನೆವಾ ಅಲ್ಲೇನು."

ಅನು ಎಲ್ಲರ ಮುಖ ನೋಡುತ್ತ ರೊಟ್ಟಿ ಅಗಿಯುವುದನ್ನು ನಿಲ್ಲಿಸಿದಳು. ರಂಜನಾ ಮಗುವನ್ನು ಎತ್ತಿಕೊಳ್ಳಲು ಎದ್ದಳು. ಎಸ್ತೇರವ್ವ, "ಕುಂದರು, ಎಲ್ಲಾರೂ ಕುಂದರ್ರಿ. ಉಣ್ಣೂದ ಬಿಟ್ಟ ಯಾರೂ ಏಳಬ್ಯಾಡ್ರಿ," ಎಂದಳು. ತನ್ನ ದನಿ ಇಷ್ಟು ಗಟ್ಟಿಯಿದೆಯೆಂದು ಅವಳಿಗೇ ಆಶ್ಚರ್ಯವಾಯಿತು.

"ಮದಿವ್ಯಾದ ವರ್ಷ," ಎಂದಳು ಗಂಡನ ಕಡೆ ತಿರುಗಿ, "ನಾ ಚರ್ಚಿನ್ಯಾಗ ನಿಮ್ಮ ಬಾಜೂಕ ನಿಂತ ಹಾಡಾಕತ್ತಿದ್ದೆ. ನೀವು ಬಗ್ಗಿ ಕಿವ್ಯಾಗ ಏನಂದ್ರಿ, ನೆನಪೈತೇನ್ರಿ?"

"ಯಾವಾಗಿನ ಮಾತ ಇದು?"

"ತುಟಿ ಅಷ್ಟ ಆಡ್ಸು, ಸಾಕು, ಅಂದ್ರಿ. ಮೂವತ್ತೆಂಟ ವರ್ಷಾತು, ತುಟಿ ಆಡ್ಸಾಕತ್ತೇನಿ. ಒಳಗ ಚಹಾ ಕುದಸಾಕತ್ತೇನಿ. ನಾ ಬೆಸೂರ ಇದ್ದೇನಿ, ಖರೆ. ನಿಮ್ಮದ ತಪ್ಪಿಲ್ಲ. ಆದ್ರ ಈ ಮನ್ಯಾಗ ಸುರ ಇದ್ದವರು ಮಾತ್ರ ಮನಷ್ಯಾರು, ಉಳದವರು ಚಹಾ ಮಾಡೋರು, ವಾಯರ ಹಚ್ಚೋರು ಅನ್ನೂಹಂಗಾತಲ್ರಿ. ಅದಕ್ಕ ಏನ ಹೇಳ್ತೀರಿ?"

ಮಾಸ್ತರರು ತಾಟು ನೋಡುತ್ತ ಕೂತರು. ಆಮೇಲೆ ಮುರಿದಿಟ್ಟ ತುತ್ತನ್ನು ಎತ್ತಿ ಬಾಯಿಗೆ ಹಾಕಿಕೊಂಡರು, ಹೆಂಡತಿ ಏಳಬೇಡವೆಂದಿದ್ದಳಲ್ಲ. ಎಲ್ಲರೂ ಉಂಡರು. ಮೊಸರು ಸಾಲಲಿಲ್ಲ. ಸಾಗರ ತನ್ನ ಪಾಲನ್ನು ಅಪ್ಪನ ತಾಟಿಗೆ ಸುರಿದ. ಅದು ಎಂದಿನ ರೂಢಿ. ಮಾಸ್ತರರು ಅದನ್ನು ಅಂದು ಮೊದಲ ಸಲ ಕಂಡವರಂತೆ ನೋಡಿದರು.

ಮರುದಿನದಿಂದ ಮಾಸ್ತರರು ಬೆಳಿಗ್ಗೆ ಎದ್ದು ಹಾಡಿನ ಪುಸ್ತಕ ಹಿಡಿದು ಹೊರಗೆ ಹೋಗುತ್ತಿದ್ದರು, ಬಿಸಿಲೇರಿದ ಮೇಲೆ ಬರುತ್ತಿದ್ದರು. ಎಲ್ಲಿಗೆಂದು ಎಸ್ತೇರವ್ವ ಕೇಳಲಿಲ್ಲ. ಸಮಾಧಾನ ಮಾಡಲೂ ಹೋಗಲಿಲ್ಲ. ಹೊತ್ತಿಗೆ ಸರಿಯಾಗಿ ಊಟ ಬಡಿಸಿದಳು. ಅವರೇ ಒಂದು ದಿನ ಹಿತ್ತಲಿಗೆ ಬಂದು, ಬಾಂಡಿಯ ಬುಟ್ಟಿ ಎತ್ತಿ ನಳದ ಕಟ್ಟೆಯ ಮೇಲಿಟ್ಟು, "ಇಲ್ಲಿಟ್ಟರ ನಿಂತ ತಿಕ್ಕಬಹುದಲ್ಲ. ಬಗ್ಗೂದ ಯಾಕ?" ಎಂದರು. ಅಷ್ಟು ವರ್ಷ ಯಾರಿಗೂ ಹೊಳೆಯದಿದ್ದ ಮಾತು. ಅಂದಿನಿಂದ ಎಸ್ತೇರವ್ವ ನಿಂತೇ ತಿಕ್ಕಿದಳು. ಕೆಲವು ದಿನ ಮಾಸ್ತರರು ಪಕ್ಕದಲ್ಲಿ ನಿಂತು ತೊಳೆದ ಬಾಂಡಿ ಒರೆಸಿ ಇಡುತ್ತಿದ್ದರು. ಯಾವ ಡಬ್ಬಿ ಎಲ್ಲಿಡಬೇಕೆಂದು ಅವರಿಗೆ ಕೊನೆಗೂ ತಿಳಿಯಲಿಲ್ಲ.

ಮುಂದಿನ ಶನಿವಾರ ಕ್ವಾಯರಿನವರು ಬಂದಾಗ ಮಾಸ್ತರರು ಹಾರ್ಮೋನಿಯಮ್ಮಿನ ಎಂದಿನದಕ್ಕಿಂತ ತಗ್ಗಿನ ಕರಿ ಮನೆಯಿಂದ ಸುರ ಹಿಡಿದರು.

"ಮಾಸ್ತರ, ಕರಿ ಐದರಿಂದ ಇತ್ತಲ್ರಿ ಹಾಡು?" ಎಂದಳು ಅನ್ನಪೂರ್ಣಾ.

"ಇನ್ನ ಮ್ಯಾಲ ಕರಿ ಮೂರು. ಮ್ಯಾಲಿನ ಸಾಲನೂ ಮುರದ ಬರದೇನಿ. ಎಲ್ಲಾರಿಗೂ ಎಟಕಬೇಕು."

ಹಾಡು ಎಟುಕಿತು. ಮೊದಲಿನಷ್ಟು ಎತ್ತರಕ್ಕೆ ಹಾರಲಿಲ್ಲ, ಆದರೆ ಹದಿನೆಂಟು ಮಂದಿ ಒಟ್ಟಿಗೆ ಹಾಡಿದಾಗ ಪಡಸಾಲೆಯ ತಗಡು ಸಣ್ಣಗೆ ಅದುರಿತು. ಚಹಾ ತಂದ ಎಸ್ತೇರವ್ವನನ್ನು ನೋಡಿ ಮಾಸ್ತರರು ಜಮಖಾನದ ಮೇಲೆ ಜಾಗ ತೋರಿಸಿ, "ನೀನೂ ಬಾ, ಕುಂದರು. ಹಾಡು," ಎಂದರು.

"ಒಲಿ ಮ್ಯಾಲ ಹಾಲೈತಿ," ಎಂದಳು ಎಸ್ತೇರವ್ವ. "ಈಗ ಬಾ ಅಂದ್ರ ಹ್ಯಾಂಗ ಬರ್ಲಿ?" ಎಂದು ನಗುತ್ತ ಒಳಗೆ ಹೋದಳು. ಹಾಲು ನಿಜವಾಗಿಯೂ ಇತ್ತು.

ಕ್ರಿಸ್‌ಮಸ್ಸಿಗೆ ಮನೆ ತುಂಬ ಕರ್ಚಿಕಾಯಿ, ಚಕ್ಕುಲಿ. ರಂಜನಾ ಎರಡು ದಿನ ಅಂಗಡಿಗೆ ಹೋಗದೆ ಅತ್ತೆಯ ಜೊತೆ ಕೂತು ಕರಿದಳು. ಹಬ್ಬದ ದಿನ ಅವಳು ಸಾಗರನ ಪಕ್ಕ, ನಡುವಿನ ಬೆಂಚಿನಲ್ಲಿ, ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕ್ವಾಯರು ಹೊಸ ಹಾಡು ಹೇಳಿತು. ಎರಡನೆಯ ಸಲಕ್ಕೆ ಸಭೆಯೂ ಜೊತೆಗೂಡಿತು. ಹೊರಗೆ ಬಂದಾಗ ಮುನವಳ್ಳಿ ಕಡೆಯ ಹಿರಿಯರೊಬ್ಬರು ಮಾಸ್ತರರ ಕೈ ಹಿಡಿದು, "ಸೊಸಿ ಯಾಕ ಹಾಡ್ಲಿಲ್ರಿ ಈ ಸಲ? ಅದನ್ನ ಕೇಳಾಕಂತ ಬಂದಿದ್ವಿ," ಎಂದರು.

ಎಸ್ತೇರವ್ವ ಗಂಡನ ಕಡೆ ತಿರುಗಿದಳು.

"ಆಕಿಗೆ ಕೆಲಸ ಭಾಳ ಐತ್ರಿ," ಎಂದರು ಮಾಸ್ತರರು. "ಬರ್ರಿ, ಚಕ್ಕಲಿ ತಿನ್ರಿ."

ಅಷ್ಟೇ. ಮನೆಯಲ್ಲಿ ಅಪ್ಪ ಮಗನ ನಡುವೆ ಮಾತು ಮಾತ್ರ ಹೆಚ್ಚಲಿಲ್ಲ. ಉಂಡೆಯಾ, ಉಂಡೆ. ಬಂದೆಯಾ, ಬಂದೆ. ಸೊಸೆಯ ಜೊತೆ ಮಾಸ್ತರರು ನೇರವಾಗಿ ಮಾತಾಡತೊಡಗಿದ್ದರು, ಆದರೆ ಹಾಡಿನ ಸುದ್ದಿಯೊಂದನ್ನು ಬಿಟ್ಟು. ಆ ಮಾತು ಬರುವ ಜಾಗದಲ್ಲೆಲ್ಲ ಕೆಮ್ಮಿ ಬೇರೆ ಮಾತಿಗೆ ಹೊರಳುತ್ತಿದ್ದರು.

ಜನವರಿಯಲ್ಲಿ ಚರ್ಚಿನ ನೀರಿನ ಮೋಟರು ಸುಟ್ಟಿತು. ಪಾಸ್ಟರರು ಅದನ್ನು ಆಟೋದಲ್ಲಿ ಹಾಕಿಸಿ ಸಾಗರನ ಅಂಗಡಿಗೆ ಕಳಿಸಿದರು. ಮೂರು ದಿನದ ಮೇಲೆ ಆರಾಧನೆಯ ನಂತರ ಮಾಸ್ತರರಿಗೆ, "ಆತೇನ ನೋಡ್ಕೊಂಡ ಬರ್ರಿ. ನಿಮ್ಮ ಮಗನ ಅಂಗಡಿನ ಅಲ್ಲ?" ಎಂದರು. ಮಾಸ್ತರರು ಹೂಂ ಎಂದರು. ಮಗನ ಅಂಗಡಿಯ ಮುಂದೆ ಹಾದು ಹೋಗಿದ್ದರೇ ಹೊರತು ಒಳಗೆ ಕಾಲಿಟ್ಟವರಲ್ಲ. ಅಂಗಡಿ ತೆರೆದಾಗ ಪೂಜೆಯ ಬದಲು ಪ್ರಾರ್ಥನೆ ಇಟ್ಟ ದಿನ ಕೂಡ ಅವರು ಯಾವುದೋ ಕೂಟದಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದರು.

ಸೋಮವಾರ ಮಧ್ಯಾಹ್ನ ಎಸ್ತೇರವ್ವ ಬುತ್ತಿ ಕಟ್ಟಿಕೊಂಡು ಹೊರಟಾಗ ಮಾಸ್ತರರು ಚಪ್ಪಲಿ ಮೆಟ್ಟಿ ಜೊತೆಗೆ ಬಂದರು. ದಾರಿಯುದ್ದಕ್ಕೂ ಬುತ್ತಿಯ ಚೀಲ ಅವರ ಕೈಲೇ ಇತ್ತು.

ಅಂಗಡಿ ಸಣ್ಣದು. ನೆಲವೆಲ್ಲ ಎಣ್ಣೆ ಕುಡಿದು ಕಪ್ಪಗಾಗಿತ್ತು. ಗೋಡೆಗೆ ತಾಮ್ರದ ತಂತಿಯ ಸುರುಳಿಗಳು ಜೋತುಬಿದ್ದಿದ್ದವು. ಒಳಗಿನ ಮೂಲೆಯಲ್ಲಿ ಮಣೆಯ ಮೇಲೆ ಕೂತು ರಂಜನಾ ಬಾಗಿಲಿಗೆ ಬೆನ್ನಾಗಿ ತಂತಿ ಸುತ್ತುತ್ತಿದ್ದಳು. ಮಾವ ಬಂದದ್ದು ಅವಳಿಗೆ ತಿಳಿಯಲಿಲ್ಲ, ಯಾಕೆಂದರೆ ಅಂಗಡಿಯ ನಡುವೆ ಚರ್ಚಿನ ಮೋಟರು ಗುಂಯ್ಯೆಂದು ಓಡುತ್ತಿತ್ತು. ಸಾಗರ ಅದರ ಮುಂದೆ ಮಂಡಿಯೂರಿ, ಸ್ಕ್ರೂಡ್ರೈವರಿನ ಮೊನೆಯನ್ನು ಮೋಟರಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಹಚ್ಚಿಕೊಂಡು ಕಣ್ಣು ಮುಚ್ಚಿದ್ದ. ಬಾಗಿಲ ಬಳಿ ಸ್ಟೂಲಿನ ಮೇಲೆ ಅಂದಾನೆಪ್ಪ ಎಂಬ ರೈತ ತನ್ನ ಸರದಿಗಾಗಿ ಕಾಯುತ್ತಿದ್ದ.

"ಜರಾ ತಡೀರಿ," ಎಂದ ಅಂದಾನೆಪ್ಪ ಮಾಸ್ತರರಿಗೆ, ಯಾರೆಂದು ತಿಳಿಯದೆ. "ಕೇಳಾಕತ್ತಾನು. ಈಗ ಮಾತಾಡ್ಸಿದ್ರ ಸಿಟ್ಟಿಗೇಳ್ತಾನು."

ಮಾಸ್ತರರು ನಿಂತರು. ಸಾಗರ ಮೊನೆಯನ್ನು ಒಂದು ಬೆರಳಿನಷ್ಟು ಸರಿಸಿದ, ಮತ್ತೆ ಕೇಳಿದ. ಮತ್ತೆ ಸರಿಸಿದ.

"ನನ್ನ ಮೋಟರ ಯರಗಟ್ಟ್ಯಾಗ ತೋರ್ಸಿದೆ, ಕಿತ್ತೂರಾಗ ತೋರ್ಸಿದೆ," ಅಂದಾನೆಪ್ಪ ಪಿಸುಗುಟ್ಟಿದ. "ಎಲ್ಲಾರೂ ಬಿಚ್ಚಿ ನೋಡ್ತಾರ್ರಿ. ಇಂವಾ ಬಿಚ್ಚಂಗಿಲ್ಲ, ಕೇಳತಾನು. ಕಿವಿ ಅಂದ್ರ ಕಿವಿ."

ಸಾಗರ ಕಣ್ಣು ತೆರೆದ. ಅಪ್ಪನನ್ನು ಕಂಡು ಗಡಬಡಿಸಿ ಎದ್ದು, ಎಣ್ಣೆಗೈ ಚಿಂದಿಗೆ ಒರೆಸಿಕೊಂಡ.

"ಅಪ್ಪಾ. ನೀ ಯಾಕ ಬಂದಿ ಬಿಸಲಾಗ? ಇವತ್ತ ಆಗಂಗಿಲ್ಲ. ವೈಂಡಿಂಗ್ ಆಗೇತಿ, ಆದ್ರ ಹಿಂದಿನ ಬೇರಿಂಗ್ ಹೋಗೇತಿ. ಹಂಗ ಕೊಟ್ರ ಎರಡ ತಿಂಗಳಾಗ ಮತ್ತ ಸುಡತೈತಿ."

"ಬಿಚ್ಚಿ ನೋಡಿದೇನು?"

"ಇಲ್ಲ. ದನಿ ಬದ್ಲಾಗೇತಿ."

ಮಾಸ್ತರರು ಬುತ್ತಿಯ ಚೀಲವನ್ನು ಹೆಂಡತಿಯ ಕೈಗೆ ಕೊಟ್ಟರು. ಧೋತರ ಮೇಲೆತ್ತಿ, ಆ ಎಣ್ಣೆಯ ನೆಲದ ಮೇಲೆ ಮಗನ ಪಕ್ಕ ಮಂಡಿಯೂರಿದರು. "ಕೊಡಿಲ್ಲಿ," ಎಂದು ಸ್ಕ್ರೂಡ್ರೈವರ್ ಇಸಿದುಕೊಂಡು ಕಿವಿಗೆ ಹಚ್ಚಿದರು.

"ಗುಂಯ್ ಅಂತೈತಿ."

"ಅದು ಮೋಟರದ್ದು. ಅದರ ಕೆಳಗ ಇನ್ನೊಂದೈತಿ, ಸಣ್ಣದು. ಕಿರ್ ಅಂತ, ನಡನಡಕ ಬಿಟ್ಟ ಬಿಟ್ಟ ಬರತೈತಿ."

"ಕೇಳ್ಸವಲ್ದು."

"ಗಡಬಡಿ ಮಾಡಬ್ಯಾಡ. ಇಲ್ಲೆ ಇಡು." ಸಾಗರ ಅಪ್ಪನ ಕೈ ಹಿಡಿದು ಮೊನೆಯನ್ನು ಸರಿಸಿದ. "ದೊಡ್ಡದನ್ನ ಬಿಡು. ಸಣ್ಣದಕ್ಕ ಕಿವಿ ಕೊಡು."

ಅರವತ್ತು ಹಾಡು ಕಟ್ಟಿದ ಮಾಸ್ತರರು ಶಾಲೆಯ ಹುಡುಗನಂತೆ ಕಣ್ಣು ಮುಚ್ಚಿ ಕೂತರು. ಎಸ್ತೇರವ್ವ ಬುತ್ತಿ ಹಿಡಿದುಕೊಂಡು ನಿಂತೇ ಇದ್ದಳು. ಕಾಲು ನೋಯುತ್ತಿದ್ದದ್ದೂ ಅವಳಿಗೆ ಮರೆತಿತ್ತು. ತುಸು ಹೊತ್ತಾದ ಮೇಲೆ ಮಾಸ್ತರರ ಹುಬ್ಬು ಮೇಲೇರಿತು.

"ಹಾಂ," ಎಂದರು. "ಐತಿ. ಐತೋ ಸಾಗರಾ! ಇಷ್ಟ ಸಣ್ಣದು ನಿನಗ ಹ್ಯಾಂಗ ಕೇಳ್ಸಿತು?"

"ಕೇಳ್ಕೋತ ಕೇಳ್ಕೋತ ಬಂತು."

ಅಷ್ಟರಲ್ಲಿ ಒಳಗಿನ ಮೂಲೆಯಿಂದ ಹಾಡು ಬಂತು. ತಂತಿ ಸುತ್ತುವ ಕೈಯ ಲಯಕ್ಕೆ ರಂಜನಾ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದಳು. ಮಾಸ್ತರರ ಹಾಡಲ್ಲ ಅದು. ಅವಳ ತವರಿನ ಕಡೆ ಹೆಣ್ಣುಮಕ್ಕಳು ಕೂಸು ತೂಗುತ್ತ ಹೇಳುವಂಥದ್ದು. ಮೂರು ತಿಂಗಳಿಂದ ಮನೆಯಲ್ಲಿ ಯಾರೂ ಕೇಳದಿದ್ದ ಕಂಠ. ಮೋಟರಿನ ಗದ್ದಲದಲ್ಲಿ ಅರ್ಧ ಕೇಳಿಸುತ್ತಿತ್ತು, ಅರ್ಧ ಮುಳುಗುತ್ತಿತ್ತು.

ಮಾಸ್ತರರು ಕಣ್ಣು ತೆರೆದು ಆ ಕಡೆ ತಿರುಗಿದರು. ಸಾಗರ ಅಪ್ಪನ ಮುಖ ನೋಡಿದ. ಅವರಿಗೇನು ಬೇಕೆಂದು ಅವನಿಗೆ ಹುಟ್ಟಿದಾಗಿನಿಂದ ಗೊತ್ತು. ಎದ್ದು ಮೋಟರಿನ ಸ್ವಿಚ್ಚಿನ ಕಡೆ ಕೈಚಾಚಿದ.

"ಬಂದ್ ಮಾಡ್ಲೇನಪ್ಪಾ?"

ಮಾಸ್ತರರು ಮಗನ ಅಂಗಿಯ ತುದಿ ಹಿಡಿದು ಕೆಳಗೆ ಎಳೆದರು.

"ಬ್ಯಾಡ," ಎಂದರು. "ಓಡ್ಲಿ. ಕುಂದರು, ನೀ ಕೇಳಿದ್ದ ಇನ್ನೊಮ್ಮೆ ನನಗ ತೋರ್ಸು."